ಭತ್ತ ಸಟೈವಾ, ಸೌತೆ ಸಟೈವಸ್, ಕೊತ್ತಂಬರಿ ಸಟೈವಮ್: ಈ ಲ್ಯಾಟಿನ್ ಬಾಲ ನೆನಪಿಡುವುದು ಹೇಗೆ?

ಹಾಸನ_ಅಗ್ರಿ:
ನಮಸ್ಕಾರ. ಹಾಸನದಲ್ಲಿ ಬಿಎಸ್ಸಿ ಅಗ್ರಿ ಓದುತ್ತಿದ್ದೇನೆ. ಗಿಡಗಳ ವೈಜ್ಞಾನಿಕ ಹೆಸರು ಉರು ಹೊಡೆದು ಸಾಕಾಗಿದೆ. ಭತ್ತ ಒರೈಜಾ ಸಟೈವಾ, ಸೌತೆ ಕ್ಯುಕುಮಿಸ್ ಸಟೈವಸ್, ಕೊತ್ತಂಬರಿ ಕೊರಿಯಾಂಡ್ರಮ್ ಸಟೈವಮ್. ಪದ ಒಂದೇ, ಬಾಲ ಮಾತ್ರ ಮೂರು ಥರ. ಬಾಲ ತಪ್ಪಿದರೆ ಮಾರ್ಕ್ಸ್ ಹೋಯ್ತು. ಇದಕ್ಕೆ ನಿಯಮ ಇದೆಯಾ? ಇಂಗ್ಲಿಷ್ ಪದಗಳ ಜೊತೆ ಸೇರಿಸಿ ಕಲಿತರೆ ಸುಲಭ ಅಂತ ಸೀನಿಯರ್ ಒಬ್ಬರು ಹೇಳಿದರು, ಹೇಗೆ ಅಂತ ಹೇಳಲಿಲ್ಲ.

ಬಾಟನಿ_ಮೇಷ್ಟ್ರು (ಚಿಕ್ಕಮಗಳೂರು):
ನಿಯಮ ಇದೆಯಮ್ಮ. ಕನ್ನಡದಲ್ಲಿ ಕರಿ ನಾಯಿ, ಕರಿ ಎಮ್ಮೆ, ಕರಿ ಮೆಣಸು, ಯಾವುದಕ್ಕೆ ಸೇರಿಸಿದರೂ 'ಕರಿ' ಬದಲಾಗಲ್ಲ. ಲ್ಯಾಟಿನ್‌ನಲ್ಲಿ ಮೊದಲ ಪದದ ಲಿಂಗ ನೋಡಿಕೊಂಡು ಎರಡನೆಯದು ಬಾಲ ಬದಲಿಸುತ್ತದೆ, ಹಿಂದಿಯಲ್ಲಿ ಅಚ್ಛಾ ಅಚ್ಛೀ ಆಗುತ್ತಲ್ಲ, ಹಾಗೆ. ಪುಲ್ಲಿಂಗಕ್ಕೆ ಅಸ್, ಸ್ತ್ರೀಲಿಂಗಕ್ಕೆ ಆ, ನಪುಂಸಕಕ್ಕೆ ಅಮ್. ಸಟೈವಸ್ ಅಂದರೆ ಬಿತ್ತಿ ಬೆಳೆದದ್ದು. ಕಪ್ಪಿಗೂ ಮೂರು ರೂಪ ಇವೆ: ಕಪ್ಪು ಬೂಷ್ಟು ಆಸ್ಪರ್ಜಿಲಸ್ ನೈಜರ್ (ಪುಲ್ಲಿಂಗವೇ, ಆದರೆ ಈ ಪದಕ್ಕೆ ಅಸ್ ಬದಲು ಅರ್), ಕರಿ ಸಾಸಿವೆ ಬ್ರಾಸಿಕಾ ನೈಗ್ರಾ, ಕಾಳುಮೆಣಸು ಪೈಪರ್ ನೈಗ್ರಮ್. ಪೈಪರ್ ನಪುಂಸಕ, ಅದಕ್ಕೇ ಅಮ್. ಮೊದಲ ಪದದ ಲಿಂಗ ಗೊತ್ತಿದ್ದರೆ ಅರ್ಧ ಕೆಲಸ ಮುಗೀತು.

ತೋಟದ_ಮನೆ (ಮೂಡಿಗೆರೆ):
ಇಂಗ್ಲಿಷ್ ಕಡೆಯಿಂದ ನಾನು ಹೇಳ್ತೀನಿ, ನಮ್ಮ ತೋಟದಲ್ಲೇ ಬೇಕಾದಷ್ಟಿದೆ. 'ಫರ್' ಅಂದರೆ ಹೊರುವುದು, ಕೊಡುವುದು. ತೆಂಗು ಕೋಕೋಸ್ ನ್ಯೂಸಿಫೆರಾ, ಕಾಯಿ ಹೊರುವುದು. ನುಗ್ಗೆ ಮೊರಿಂಗಾ ಒಲಿಫೆರಾ, ಎಣ್ಣೆ ಕೊಡುವುದು. ಬೋರ್‌ವೆಲ್ ಕೊರೆಸುವಾಗ ಕೇಳುವ ಅಕ್ವಿಫರ್ ಕೂಡ ಇದೇ, ನೀರು ಹೊತ್ತ ಪದರ. 'ಸೈಡ್' ಅಂದರೆ ಕೊಲ್ಲುವುದು. ಪೆಸ್ಟಿಸೈಡ್, ಫಂಗಿಸೈಡ್, ಸೂಸೈಡ್ ಎಲ್ಲ ಒಂದೇ ಮನೆಯವು. ಕಾಫಿ ಎಲೆಗೆ ತುಕ್ಕು ರೋಗ ತರುವ ಶಿಲೀಂಧ್ರದ ಹೆಸರು ಹೆಮಿಲಿಯಾ ವಾಸ್ಟಾಟ್ರಿಕ್ಸ್. ವಾಸ್ಟಾಟ್ರಿಕ್ಸ್ ಅಂದರೆ ಹಾಳು ಮಾಡುವವಳು, ಇಂಗ್ಲಿಷಿನ ಡಿವಾಸ್ಟೇಟ್ ನೋಡಿ. ಡಾಕ್ಟರ್, ಆಕ್ಟರ್‌ನಲ್ಲಿರುವ 'ಟರ್'ಗೆ ಹೆಣ್ಣು ರೂಪ 'ಟ್ರಿಕ್ಸ್'. 1869ರಲ್ಲಿ ಸಿಲೋನ್‌ನ ಕಾಫಿ ಎಲೆ ನೋಡಿ ಇಟ್ಟ ಹೆಸರು. ಆಮೇಲೆ ಅಲ್ಲಿ ಕಾಫಿ ಹೋಗಿ ಟೀ ಬಂತು, ಹೆಸರು ಸರಿಯಾಗೇ ಇಟ್ಟಿದ್ದಾರೆ.

ರೋಬಸ್ಟಾ ಕಾಫಿಯ ಹಾಗೆ ಸಿಲ್ವರ್ ಓಕ್ ಮರವೂ ರೋಬಸ್ಟಾನೇ, ಗ್ರೆವಿಲಿಯಾ ರೋಬಸ್ಟಾ. ಈ ಪದದ ಮೂಲ ರೋಬುರ್, ಅಂದರೆ ಗಟ್ಟಿ ಓಕ್ ಮರ, ಬಲ ಅಂತಲೂ ಹೌದು. ಆದರೆ ಸಿಲ್ವರ್ ಓಕ್ ಓಕ್ ಜಾತಿಯದೇ ಅಲ್ಲ! ರೋಬಸ್ಟಾ ಕಾಫಿಗೆ ಪುಸ್ತಕದ ಹೆಸರು ಕಾಫಿಯಾ ಕ್ಯಾನೆಫೊರಾ. ಪರೀಕ್ಷೆಯಲ್ಲಿ ಅದನ್ನೇ ಬರೆಯಿರಿ.

ಹಾಸನ_ಅಗ್ರಿ:
ಸರ್, ಹಾಗಾದರೆ ಅರಳಿ ಫೈಕಸ್ ರಿಲಿಜಿಯೋಸಾ ಯಾಕೆ? ಫೈಕಸ್ 'ಅಸ್' ತಾನೆ, ರಿಲಿಜಿಯೋಸಸ್ ಆಗಬೇಕಿತ್ತು ಅಲ್ವಾ? ಹುಣಸೆಯೂ ಟ್ಯಾಮರಿಂಡಸ್ ಇಂಡಿಕಾ.

ಬಾಟನಿ_ಮೇಷ್ಟ್ರು:
ಒಳ್ಳೆ ಪ್ರಶ್ನೆ. ಲ್ಯಾಟಿನ್‌ನಲ್ಲಿ ಮರಗಳು ಹೆಚ್ಚಾಗಿ ಹೆಣ್ಣು, ಹೆಸರು 'ಅಸ್' ಅಂತ ಮುಗಿದರೂ ಸರಿ. ಆಲವೂ ಫೈಕಸ್ ಬೆಂಗಾಲೆನ್ಸಿಸ್. 'ಎನ್ಸಿಸ್' ಅಂದರೆ ಆ ಊರಿನದು, ಜಪಾನೀಸ್, ಚೈನೀಸ್‌ನ 'ಈಸ್' ಅದರಿಂದಲೇ ಬಂದದ್ದು. ಈ ಎನ್ಸಿಸ್ ಗಂಡಿಗೂ ಹೆಣ್ಣಿಗೂ ಒಂದೇ, ತಲೆನೋವಿಲ್ಲ. ಹಲಸು ಮಾತ್ರ ಬೇರೆ ದಾರಿ, ಆರ್ಟೊಕಾರ್ಪಸ್ ಹೆಟೆರೊಫಿಲಸ್. 'ಕಾರ್ಪಸ್' ಅಂತ ಮುಗಿಯುವ ಹೆಸರುಗಳನ್ನು ಸಸ್ಯನಾಮದ ನಿಯಮದಲ್ಲಿ ಗಂಡು ಅಂತಲೇ ಇಟ್ಟುಕೊಂಡಿದ್ದಾರೆ. ಅಲ್ಲಿರುವ ಎರಡು ಪದವೂ ಗ್ರೀಕ್ ಮೂಲದವು. ಎಲ್ಲವನ್ನೂ ಲ್ಯಾಟಿನ್ ಅಂದುಕೊಂಡು ಇಂಗ್ಲಿಷಿನಲ್ಲಿ ಹುಡುಕಲು ಹೋಗಬೇಡಿ.

ಸಕಲೇಶಪುರ_ಮಳೆ:
ನಮ್ಮ ಕನ್ನಡವೂ ಆ ಪಟ್ಟಿಯಲ್ಲಿದೆ ಮಾರಾಯ್ರೇ. ಕಾಫಿಗೆ ಕೊಳೆರೋಗ ತರುವ ಶಿಲೀಂಧ್ರಕ್ಕೆ 1876ರಲ್ಲಿ ಕುಕ್ ಎಂಬ ಇಂಗ್ಲಿಷ್ ಶಿಲೀಂಧ್ರ ತಜ್ಞ ಪೆಲ್ಲಿಕ್ಯುಲೇರಿಯಾ ಕೊಳೆರೋಗ ಅಂತಲೇ ಹೆಸರಿಟ್ಟ. ಆಮೇಲೆ ಕೊಳೆರೋಗ ನಾಕ್ಸಿಯಾ ಆಯಿತು. ನಾಕ್ಸಿಯಾ ಅಂದರೆ ಕೆಡುಕು ಮಾಡುವಂಥದ್ದು, ಇಂಗ್ಲಿಷಿನ ನಾಕ್ಷಿಯಸ್. ಮುಂದೆ ಸೆರಟೊಬೇಸಿಡಿಯಮ್ ನಾಕ್ಸಿಯಮ್ ಅಂತಲೂ ಕರೆದರು. ಮೊದಲ ಪದ ನಪುಂಸಕ ಆದದ್ದೇ ತಡ ಬಾಲವೂ ಬದಲಾಯಿತು ನೋಡಿ, ಮೇಷ್ಟ್ರು ಹೇಳಿದ ಹಾಗೇ. ಅಡಿಕೆ ಕೊಳೆರೋಗ ಇದಲ್ಲ, ಅದು ಫೈಟಾಫ್ತೊರಾ ಎಂಬ ಬೇರೆ ರೋಗಾಣುವಿನಿಂದ ಬರುವುದು. ಉತ್ತರದಲ್ಲಿ ಎರಡನ್ನೂ ಕಲಸಬೇಡಿ.