ಸಾಹೇಬರ ಏಣಿ

"ಮೇಷ್ಟ್ರೇ, ಶಿಕ್ಷಣ ಇಲಾಖೆಗೆ ಹೊಸ ಐಎಎಸ್ ಸಾಹೇಬರು ಬಂದಿದ್ದಾರಂತೆ. ಭಾರಿ ಡೈನಾಮಿಕ್ಕಂತೆ!" ಬೈಟು ಕಾಫಿಯಲ್ಲಿ ದೊಡ್ಡ ಲೋಟವನ್ನೇ ಎಳೆದುಕೊಳ್ಳುತ್ತಾ ಸೀನ ಶುರು ಮಾಡಿದ.

"ಹಾಗಾದ್ರೆ ಇನ್ನೊಂದು ರಿಜಿಸ್ಟರ್ ಬಂತು" ಅಂದರು ಮೇಷ್ಟ್ರು.

ರಾಜಿ ಮೊಬೈಲ್ ತೋರಿಸಿದಳು. ಹೊಸ ಕಾರ್ಯಕ್ರಮಕ್ಕೆ ಹೆಸರು ಬಂದಿದೆ, ಲೋಗೋ ಬಂದಿದೆ, ಐದು ಗಂಟೆಯೊಳಗೆ ಫೋಟೋ ಅಪ್‌ಲೋಡ್ ಮಾಡಿ ಅಂತ ಬಿಇಒ ಆಫೀಸಿಂದ ಮೆಸೇಜೂ ಬಂದಿದೆ. ಮಕ್ಕಳಿಗೆ ಏನು ಕಲಿಸಬೇಕು ಅನ್ನೋದು ಮಾತ್ರ ಇನ್ನೂ ಬಂದಿಲ್ಲ. "ಹೋದ ಸಾಹೇಬರ ಬ್ಯಾನರ್ ಹಿಂದುಗಡೆ ಖಾಲಿ ಇದೆ, ಅದರ ಮೇಲೇ ಬರೆಸ್ತೀವಿ ಬಿಡಿ."

"ಅವರು ಎಲ್ಲಿಗೆ ಹೋದ್ರು?"

"ಮೀನುಗಾರಿಕೆಗೆ."

"ಸರಿ ಹೋಯ್ತು. ಇನ್ನು ಮೀನುಗಳಿಗೆ ಈಜು ಕಲಿಸ್ತಾರೆ, ಫೋಟೋ ಸಮೇತ."

ಸೀನನಿಗೆ ಸಿಟ್ಟು ಬಂತು. ಸಾಹೇಬರನ್ನು ಯಾರಾದರೂ ಅಂದರೆ ಅವನಿಗೆ ಆಗುವುದಿಲ್ಲ. ಮೇಷ್ಟ್ರು ಬಿಡಲಿಲ್ಲ. "ನಲಿ-ಕಲಿ ಗೊತ್ತಲ್ಲ, ಸರ್ಕಾರಿ ಶಾಲೇಲಿ ಚಿಕ್ಕ ಮಕ್ಕಳಿಗೆ ಆಟ ಆಡಿಸ್ತಾ ಕಲಿಸೋ ಪದ್ಧತಿ? 1995ರ ಸುಮಾರಿಗೆ ಎಚ್.ಡಿ. ಕೋಟೆ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿ ಶಾಲೆಗಳನ್ನ ನೋಡ್ಕೊಂಡು ಬಂದು, ತಾವೇ ಕೂತು ಕಾರ್ಡು ಬರೆದು ಕಟ್ಟಿದ್ದು. ಅದರಲ್ಲಿ ಕಲಿಕಾ ಏಣಿ ಅಂತಿದೆ. ಒಂದು ಮೈಲಿಗಲ್ಲು ಮುಗಿಸದೆ ಮಗು ಮುಂದಿನದಕ್ಕೆ ಹೋಗೋ ಹಾಗಿಲ್ಲ. ಸಾಹೇಬರ ಏಣಿ ಉಲ್ಟಾ. ಎಸಿ, ಸಿಇಒ, ಡಿಸಿ, ಕಮಿಷನರ್, ಪ್ರಿನ್ಸಿಪಲ್ ಸೆಕ್ರೆಟರಿ. ಯಾವ ಮೈಲಿಗಲ್ಲನ್ನೂ ಮುಗಿಸೋ ಹಾಗಿಲ್ಲ. ಮುಗಿಸ್ತೀನಿ ಅಂತ ಕೂತ್ರೋ, ವರ್ಗ!"

"ಅದಕ್ಕೇ ಅಲ್ವಾ, ಒಂದು ಕಡೆ ಇಷ್ಟು ದಿನ ಅಂತ ಇರಲೇಬೇಕು ಅಂತ 2013ರಲ್ಲಿ ಸುಪ್ರೀಂ ಕೋರ್ಟೇ ಹೇಳಿದ್ದು?"

"ಹೇಳ್ತು. ತೀರ್ಪು ನಿಂತಲ್ಲೇ ನಿಂತಿದೆ. ಸಾಹೇಬರು ಓಡಾಡ್ತಾನೇ ಇದ್ದಾರೆ."

ಆ ಕೇಸು ಹಾಕಿದವರಲ್ಲಿ ಮೊದಲನೆಯವರು ಕ್ಯಾಬಿನೆಟ್ ಸೆಕ್ರೆಟರಿ ಆಗಿದ್ದ ಟಿ.ಎಸ್.ಆರ್. ಸುಬ್ರಮಣಿಯನ್. ಆಮೇಲೆ ಕೇಂದ್ರದವರು ಶಿಕ್ಷಣ ನೀತಿ ಸಮಿತಿಗೆ ಅವರನ್ನೇ ಅಧ್ಯಕ್ಷರನ್ನಾಗಿ ಮಾಡಿದರು. "2016ರಲ್ಲಿ ವರದಿ ಕೊಟ್ರು. ಶಿಕ್ಷಣಕ್ಕೇ ಅಂತ ಬೇರೆ ಅಖಿಲ ಭಾರತ ಸೇವೆ ಬೇಕು ಅಂತ ಬರೆದ್ರು. ಐಎಎಸ್ ಏಣಿಯ ತುದಿ ಮೆಟ್ಟಿಲಲ್ಲಿ ನಿಂತು ಬಂದವರ ಮಾತು ಕಣಯ್ಯ ಇದು, ನನ್ನದಲ್ಲ."

"ವರದಿ ಏನಾಯ್ತು?" ರಾಜಿ ಕೇಳಿದಳು.

"ವರದಿಗೂ ವರ್ಗ ಆಯ್ತು. ಮರುವರ್ಷ ಇಸ್ರೋದಲ್ಲಿದ್ದ ಕಸ್ತೂರಿರಂಗನ್ ಅವರ ಸಮಿತಿ ಬಂತು. ನೀತಿ ಹೊರಗೆ ಬಿದ್ದಿದ್ದು 2020ರಲ್ಲಿ. ಅಷ್ಟು ಹೊತ್ತಿಗೆ ಸುಬ್ರಮಣಿಯನ್ ತೀರಿಕೊಂಡು ಎರಡು ವರ್ಷ ದಾಟಿತ್ತು."

ಯಾರೂ ಮಾತಾಡಲಿಲ್ಲ. ಸೀನ ಸುಮ್ನೆ ಲೋಟದ ತಳ ನೋಡಿದ. ಆಮೇಲೆ ಮೆಲ್ಲಗೆ, "ನಮ್ಮ ಹುಡುಗನ್ನ ವಿಜಯನಗರದಲ್ಲಿ ಐಎಎಸ್ ಕೋಚಿಂಗಿಗೆ ಸೇರಿಸಿದೀನಿ ಮೇಷ್ಟ್ರೇ" ಅಂದ.

"ಒಳ್ಳೇದೇ ಆಯ್ತಲ್ಲೋ. ಯಾವ ವಿಷಯ ತಗೊಂಡಿದ್ದಾನೆ?"

"ಕನ್ನಡ ಸಾಹಿತ್ಯ."

"ಭೇಷ್! ಸುತ್ತೋಲೆನಾದ್ರೂ ಅರ್ಥ ಆಗೋ ಹಾಗೆ ಬರೀತಾನೆ."

"ಬರೆದು ಮುಗಿಸೋವರೆಗೂ ಇರೋಕೆ ಬಿಟ್ರೆ" ಅಂದಳು ರಾಜಿ.