ನಮ್ಮ ಬಿಸಿಲಿಗೆ ತಕ್ಕ ಫಿಲ್ಮ್ ಕ್ಯಾಮೆರಾ ಹೆಂಗಿರಬೇಕು?

ಕೊಪ್ಪಳದಿಂದ ಪ್ರಶ್ನೆ: ನಮ್ಮ ಕಡೆಗಂತಲೇ ಹೊಸ 35 ಎಂಎಂ ಕ್ಯಾಮೆರಾ ಮಾಡೋದಾದ್ರ ಏನೇನು ಇರಬೇಕ್ರಿ? ಆನೆಗೊಂದಿ ಬಂಡೆಗಳ ಮ್ಯಾಲಿನ ಮಧ್ಯಾಹ್ನದ ಬಿಸಿಲು, ಸಂಡೂರು ರಸ್ತೆಯ ಅದಿರಿನ ಧೂಳು ಎರಡೂ ತಡೀಬೇಕು.

ರಾಯಚೂರಿನಿಂದ: ಮೊದಲು ಶಟರ್, ಅಂದ್ರ ಫಿಲ್ಮ್ ಮುಂದಿನ ಬೆಳಕಿನ ಪರದೆ. ನೆತ್ತಿ ಬಿಸಿಲಿಗೆ 100 ಐಎಸ್ಒ (ಬೆಳಕಿಗೆ ಫಿಲ್ಮ್ ಎಷ್ಟು ಚುರುಕು ಅನ್ನೋ ಅಳತೆ) ಫಿಲ್ಮ್‌ನಾಗ ಲೆನ್ಸಿನ ಕಿಂಡಿ, ಅಂದ್ರ ಅಪರ್ಚರ್, ಎಫ್/16ಕ್ಕೆ ಕಿರಿದು ಮಾಡಿದ್ರ 1/100 ಸೆಕೆಂಡ್ ಸಾಕು. ಆದರ ಹಿನ್ನೆಲೆ ಮಸುಕಾಗ್ಲಿ ಅಂತ ಎಫ್/2.8 ತೆರೆದ್ರ 1/3200 ಬೇಕಾಗ್ತದ. ಹಳೆ ಕ್ಯಾಮೆರಾಗಳು ಬಹಳಷ್ಟು 1/1000ಕ್ಕೇ ನಿಲ್ತಾವ. ಅದಕ್ಕ ನಿಕಾನ್ ಎಫ್ಎಂ2 ಥರ 1/4000 ಇರೋ ಲೋಹದ ಮೆಕ್ಯಾನಿಕಲ್ ಶಟರ್ ಇರ್ಲಿ, ಸೆಲ್ ಸತ್ತರೂ ನಡೀತದ. ರೇಂಜ್‌ಫೈಂಡರ್‌ಗೆ, ಅಂದ್ರ ಲೆನ್ಸ್ ಹಿಂದೆ ಕನ್ನಡಿ ಇಲ್ಲದ ಕ್ಯಾಮೆರಾಕ್ಕೆ, ಬಟ್ಟೆ ಶಟರ್ ಬ್ಯಾಡವೇ ಬ್ಯಾಡ. ಕ್ಯಾಪ್ ಹಾಕದೆ ಸೂರ್ಯನ ಕಡೆ ಇಟ್ಟರೆ ಲೆನ್ಸ್ ಬಿಸಿಲನ್ನು ಒಂದೇ ಕಡೆ ಕೂಡಿಸಿ ತೂತು ಸುಡ್ತದ.

ಬಳ್ಳಾರಿಯಿಂದ: ಶಟರ್‌ಗಿಂತ ಹಿಂಬಾಗಿಲು ಮುಖ್ಯ ಅಂತೀನಿ. ಅಲ್ಲಿ ಬೆಳಕು ತಡೆಯೋ ಫೋಮ್ ಕಾಲಕ್ರಮೇಣ ಕರಗಿ ಡಾಂಬರಿನಂಗ ಅಂಟ್ತದ, ಬೆಳಕು ಸೋರಿ ಫ್ರೇಮಿನ ಅಂಚಿಗೆ ಕಿತ್ತಳೆ ಪಟ್ಟಿ ಬರ್ತದ. ಹೊಸದರಾಗ ಫೋಮ್ ಬದಲು ಆಳವಾದ ಸಂದು, ಅದರೊಳಗ ಕಪ್ಪು ಉಣ್ಣೆ ದಾರ ಇರ್ಲಿ, ಯಾರು ಬೇಕಾದ್ರೂ ಬದಲಿಸಬಹುದು. ಫಿಲ್ಮ್ ಚಪ್ಪಟೆ ಇರ್ಲಿ ಅಂತ ಹಿಂದಿನಿಂದ ಒತ್ತೋ ಒತ್ತುಪಟ್ಟಿ ಕಳಚೋ ಹಂಗಿರ್ಬೇಕು. ಅದರ ಮ್ಯಾಲೆ ಒಂದು ಕಣ ಅದಿರು ಕುಂತ್ರೂ ರೋಲಿನುದ್ದಕ್ಕೂ ನೇರ ಗೀರು ಬೀಳ್ತದ. ಬ್ಲೋವರ್‌ನಿಂದ ಊದ್ರಿ, ಆಮೇಲೆ ಮೆತ್ತನ ಬಟ್ಟೆ. ಮೊದಲೇ ಒರೆಸಿದ್ರ ಪಟ್ಟಿಗೇ ಗೀರು.

ರಾಯಚೂರಿನಿಂದ: ದಾರದ ಮಾತು ಖರೆ. ಬೆಳಕು ಅಳೆಯೋ ಮೀಟರ್‌ಗೆ ಎಸ್ಆರ್44 ಅನ್ನೋ ಗುಂಡಿ ಸೆಲ್ ಗೊತ್ತು ಮಾಡ್ರಿ. ಅಗ್ಗದ ಎಲ್ಆರ್44ರ ವೋಲ್ಟೇಜ್ ಸವೀತಾ ಇಳೀತದ, ಕೆಲವು ಮೀಟರ್ ಆಗ ತಪ್ಪು ಹೇಳ್ತಾವ. ಇನ್ನ ಕಪ್ಪು ಬಣ್ಣ ಬ್ಯಾಡ, ಬಿಸಿಲಿಗೆ ಬೇಗ ಕಾಯ್ತದ. ಕಾದ್ರ ಲೆನ್ಸಿನ ಗ್ರೀಸ್ ತೆಳುವಾಗಿ ಅಪರ್ಚರ್ ಎಲೆಗಳಿಗೆ ಹರಿದು ಅಂಟಿಸ್ತದ. ಬೆಳ್ಳಿ ಬಣ್ಣವೇ ಇರ್ಲಿ.