ಹೊಸೂರಿಂದ ಇರುಂಗಾಟ್ಟುಕೋಟೈ ರೇಸಿಗೆ ಕಾರಾ, ಬಸ್ಸಾ?

ಪಿಟ್‌ಲೇನ್_ಹೊಸೂರು: ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ ರೇಸ್ ನೋಡೋಕೆ ಹೊರಟಿದೀವಿ, ನಾವು ನಾಲ್ಕು ಜನ. ರೇಸ್ ಕಾರುಗಳೇ ಅಷ್ಟು ಪೆಟ್ರೋಲ್ ಸುಡುವಾಗ ನಮ್ಮ ಹೊಗೆ ಯಾವ ಲೆಕ್ಕ ಅಂತಾರಲ್ಲ, ನಿಜವಾ?

ಡೆಂಕಣಿಕೋಟೆ_ಗೇರ್: ಉಲ್ಟಾ ಅಣ್ಣ. ಫಾರ್ಮುಲಾ ಒನ್ 2019ರಲ್ಲಿ ತಾನೇ ಕೊಟ್ಟ ಲೆಕ್ಕದಲ್ಲಿ ವರ್ಷಕ್ಕೆ 2,56,551 ಟನ್ ಇಂಗಾಲದ ಡೈಆಕ್ಸೈಡ್. ಕಾರುಗಳ ಎಂಜಿನ್ ಪಾಲು ಬರೀ 0.7%! ಸಾಮಾನು ಸಾಗಣೆ 45%, ಸಿಬ್ಬಂದಿ ಓಡಾಟ 27.7%. ಪ್ರೇಕ್ಷಕರ ಪ್ರಯಾಣ ಅದರಲ್ಲಿ ಸೇರಿಸೇ ಇಲ್ಲ.
ನಿಮ್ಮದು ಹೋಗಿಬರೋಕೆ ಸುಮಾರು 540 ಕಿ.ಮೀ. ಲೀಟರಿಗೆ 15 ಕಿ.ಮೀ. ಅಂದ್ರೆ 36 ಲೀಟರ್. ಲೀಟರ್ ಪೆಟ್ರೋಲಿಗೆ 2.3 ಕೆಜಿ ಇಂಗಾಲದ ಡೈಆಕ್ಸೈಡ್ ಹಿಡಿದ್ರೆ 83 ಕೆಜಿ, ತಲೆಗೆ 21. ಒಬ್ಬರೇ ಹೋದ್ರೆ ಅಷ್ಟೂ ನಿಮ್ಮ ತಲೆ ಮೇಲೆ.

ಕೃಷ್ಣಗಿರಿ_ಟೈರ್: ಕಾರೇ ಆದ್ರೆ ಗಾಳಿ ಬೆಳಿಗ್ಗೆ ಹೊರಡೋಕ್ಕೆ ಮುಂಚೆ ನೋಡಿ, ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರಲ್ಲಿ ಫುಲ್ ಲೋಡಿಗೆ ಬರೆದಷ್ಟು. ಹೈವೇಲಿ ಬಿಸಿಯಾದ ಟೈರ್ 3-4 ಪಿಎಸ್ಐ ಜಾಸ್ತಿ ತೋರಿಸುತ್ತೆ. ಅದನ್ನ ನಂಬಿ ಗಾಳಿ ಬಿಟ್ರೆ ತಣ್ಣಗಾದಾಗ ಕಮ್ಮಿಯಾಗಿ ಮೈಲೇಜೂ ಹೋಯ್ತು, ಅಂಚೂ ಸವೀತು. ಖಾಲಿ ರೂಫ್ ಕ್ಯಾರಿಯರ್ ಬಿಚ್ಚಿಡಿ. ಸ್ಪೀಡ್ 110 ಬೇಡ, 85 ಸಾಕು.

ಡೆಂಕಣಿಕೋಟೆ_ಗೇರ್: ಇಬ್ಬರೇ ಆದ್ರೆ ಚೆನ್ನೈ ಬಸ್ಸೇ ವಾಸಿ. ಟ್ರ್ಯಾಕಿಗೆ ಹತ್ತಿರದ ಶ್ರೀಪೆರಂಬುದೂರಲ್ಲಿ ನಿಲ್ಲಿಸ್ತಾರಾ ಅಂತ ಹತ್ತೋ ಮುಂಚೇನೇ ಕಂಡಕ್ಟರ್‌ನ ಕೇಳಿ.